ಸಿಟ್ಟಿನ ಹುಡುಗನಿಗೆ ಮೊಬೈಲ್ ಪಾಠವೋ, ಶಾಲೆಯ ಬೆಂಚೋ?

ಅಕ್ಕಾರ, ಏಳನೇ ತರಗತಿಯ ಮಗ ಸಿಟ್ಟು ಬಂದರೆ ಪುಸ್ತಕ ಹರಿಯುತ್ತಾನೆ, ಆನ್‌ಲೈನ್ ಪಾಠಕ್ಕೆ ಹಾಕಲೇ ಎಂದು ಗದಗಿನಿಂದ ಕೇಳಿದ್ದೀರಿ.

ಗದ್ದಲ, ಚುಡಾಯಿಸುವ ಹುಡುಗರು ಇದ್ದಲ್ಲಿ ಆತಂಕದ ಮಗುವಿಗೆ ಮನೆಯ ಮೂಲೆಯೇ ಹಿತ. ಪಾಠ ನಿಲ್ಲಿಸಿ, ಉಸಿರು ತಗೊಂಡು, ಮತ್ತೆ ಕೇಳಬಹುದು. ಆದರೆ ಸಿಟ್ಟು ತಡೆಯುವುದನ್ನು ಕಲಿಯುವುದು ನಾಲ್ಕು ಜನರ ನಡುವೆಯೇ. ಧಾರವಾಡದ ನನ್ನ ತರಗತಿಯಲ್ಲಿ ಒಬ್ಬ ಮುಷ್ಟಿ ಬಿಗಿ ಮಾಡಿದ ಕೂಡಲೇ ಡಸ್ಟರ್ ಕೊಟ್ಟು ‘ಬೋರ್ಡ್ ಒರಸಪಾ’ ಅನ್ನುತ್ತಿದ್ದೆ. ಎರಡು ನಿಮಿಷದಲ್ಲಿ ಅವನ ಭುಜ ಸಡಿಲಾಗುತ್ತಿತ್ತು. ಮೊಬೈಲಿನಲ್ಲಿ ಆ ಮುಷ್ಟಿ ನನಗೆ ಕಾಣುತ್ತಲೇ ಇರಲಿಲ್ಲ.

ಖರ್ಚು ಅಂದರೆ ಡೇಟಾ ಅಷ್ಟೇ ಅಲ್ಲ, ಪಕ್ಕದಲ್ಲಿ ಕೂರುವ ಹಿರಿಯರ ಸಮಯವೂ ಹೌದು. ಇಬ್ಬರೂ ದುಡಿಯಲು ಹೋಗುವ ಮನೆಯಲ್ಲಿ ಪಾಠದ ಫೋನು ಬೇಗ ಆಟದ ಫೋನಾಗುತ್ತದೆ.

ಶಾಲೆಯ ಹೆಸರೆತ್ತಿದರೆ ವಾಂತಿ ಮಾಡುವಷ್ಟು ಹೆದರಿದ್ದರೆ ಕೆಲವು ತಿಂಗಳು ಆನ್‌ಲೈನ್ ಸರಿ, ಜೊತೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ತೋರಿಸಿ. ಅವನನ್ನು ಅರಿತ ಒಬ್ಬ ಶಿಕ್ಷಕರಿದ್ದರೂ ಸಾಕು, ಅರ್ಧ ದಿನವಾದರೂ ಶಾಲೆಗೇ ಕಳಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ. ಕನಿಷ್ಠ ಶೇ 40ರಷ್ಟು ಅಂಗವೈಕಲ್ಯವಿದೆ ಎಂಬ ಪ್ರಮಾಣಪತ್ರವಿದ್ದರೆ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಉಚಿತ ಶಿಕ್ಷಣ ಅವನ ಹಕ್ಕು. ಶಾಲೆಯವರು ‘ಕರಕೊಂಡು ಹೋಗ್ರಿ’ ಅಂದರೆ ಸುಮ್ಮನೆ ಹಿಂತಿರುಗಬೇಡಿ.