‘ಹಾಲರ್’ ಯಾವ ಊರಿನವರು? ಒಂದು ಪುಕ್ಕಟೆ ನಿಘಂಟು, ಒಂದು ದುಬಾರಿ ಚೌಕಟ್ಟು

ಮೊದಲೇ ಹೇಳಿಬಿಡುತ್ತೇನೆ: ಜರ್ಮನ್ ಅಡ್ಡಹೆಸರಿನ ಮೂಲ ತಿಳಿಯಬೇಕಿದ್ದರೆ ರೊಕ್ಕ ಖರ್ಚು ಮಾಡಬೇಡಿ. ಮೈನ್ಸ್ ನಗರದ ವಿಜ್ಞಾನ ಮತ್ತು ಸಾಹಿತ್ಯ ಅಕಾಡೆಮಿಯವರ ಕುಟುಂಬನಾಮಗಳ ನಿಘಂಟು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಬಳಸುವವರು ಅದನ್ನು ಡಿಎಫ್‌ಡಿ ಎನ್ನುತ್ತಾರೆ. ಅದಕ್ಕೆ ನಾನು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಗಾಜು, ಕಟ್ಟು ಹಾಕಿ ಮಾರುವ ‘ಕುಲಚರಿತ್ರೆ ಪ್ರಮಾಣಪತ್ರ’ಕ್ಕೆ ಒಂದು ಅಂಕ. ಅದೂ ಓಕ್ ಕಟ್ಟಿಗೆ ಚಲೋ ಇದೆ ಅಂತ.

ಇವೆರಡನ್ನೂ ಒಟ್ಟಿಗೆ ನೋಡುವ ಪ್ರಸಂಗ ಬಂದದ್ದು ನಮ್ಮ ಮನೆ ಒಡತಿಯಿಂದ. ಸ್ಟುಟ್‌ಗಾರ್ಟ್‌ನಲ್ಲಿ ನಾವಿರುವ ಮನೆ ಫ್ರೌ ಹಾಲರ್ ಅವರದು. ಅವರಿಗೆ ಎಪ್ಪತ್ತು ತುಂಬುತ್ತಿತ್ತು. ಮೇಲಿನ ಮಹಡಿಯ ಮೈಸೂರಿನ ಹುಡುಗರೂ ನಾವೂ ಸೇರಿ ಏನಾದರೂ ಕೊಡೋಣ ಎಂದಾಯಿತು. ಹುಡುಗರು ಎಲ್ಲೋ ಜಾಹೀರಾತು ನೋಡಿ ಒಂದು ಕಂಪನಿಗೆ 59 ಯೂರೋ ಕಟ್ಟಿದರು. “ಸರ್, ನಿಮ್ಮ ಜರ್ಮನ್ ಚೆನ್ನಾಗಿದೆಯಲ್ಲ, ಕೊಡೋ ಮೊದಲು ಒಂದು ಸಲ ಓದಿಬಿಡಿ” ಎಂದು ನನ್ನ ಕೈಗಿತ್ತರು.

ಓದಿದೆ. ಮೇಲೆ ಕಿರೀಟ, ಗುರಾಣಿ, ಗರಿ. ಕೆಳಗೆ ನಾಲ್ಕು ಸಾಲು. ಹಾಲರ್ ಒಂದು ಪ್ರಾಚೀನ ಶ್ರೀಮಂತ ಮನೆತನ, ಮೂಲ ಊರು ಇದೇ, ಲಾಂಛನ ಇದೇ, ಇನ್ನು ಅನುಮಾನವೇ ಬೇಡ ಎಂಬ ಧಾಟಿ. ಮನೆತನದ ಚರಿತ್ರೆಯಲ್ಲಿ ಒಂದೇ ಒಂದು ‘ಇರಬಹುದು’ ಇಲ್ಲದಿದ್ದರೆ ನನಗೆ ಗುಮಾನಿ ಶುರುವಾಗುತ್ತದೆ. ಅಂದು ರಾತ್ರಿ ನಿಘಂಟು ತೆರೆದು ಕೂತೆ.

ಡಿಎಫ್‌ಡಿ ಕೆಲಸ ಶುರುವಾದದ್ದು 2012ರಲ್ಲಿ. ಹಾಕಿಕೊಂಡ ಗಡುವು 24 ವರ್ಷ. ಅಂದರೆ ಇನ್ನೂ ಕಟ್ಟುತ್ತಲೇ ಇದ್ದಾರೆ. ಅದರ ಅಡಿಪಾಯ 2005ರ ಜರ್ಮನ್ ಸ್ಥಿರ ದೂರವಾಣಿ ಪಟ್ಟಿ, ಸುಮಾರು 2.8 ಕೋಟಿ ಖಾಸಗಿ ಸಂಪರ್ಕಗಳು. ಅಷ್ಟು ಹಳೆಯದೇಕೆ ಎಂದು ಕೇಳಬಹುದು. ಆಮೇಲೆ ಜನ ಮೊಬೈಲಿಗೆ ಹೊರಳಿದರು, ಮನೆಯ ಫೋನಿನ ಪಟ್ಟಿ ತೆಳುವಾಗುತ್ತ ಹೋಯಿತು. ಹೆಸರು ಟೈಪಿಸಿದರೆ ಎಷ್ಟು ಸಂಪರ್ಕಗಳಲ್ಲಿ ಆ ಹೆಸರಿದೆ, ಯಾವ ಜಿಲ್ಲೆಗಳಲ್ಲಿ ದಟ್ಟ ಎಂಬ ನಕ್ಷೆ, ಹೆಸರಿನ ಅರ್ಥ, ಹಳೆಯ ದಾಖಲೆಗಳಲ್ಲಿ ಅದು ಕಂಡ ರೂಪ, ಕಾಗುಣಿತ ಬೇರೆಯಾದ ಸೋದರ ಹೆಸರುಗಳು ಇವೆಲ್ಲ ಒಂದೇ ಪುಟದಲ್ಲಿ ಬರುತ್ತವೆ. ನನಗೆ ಹಿಡಿಸಿದ್ದು ಬೇರೆಯದು. ಒಂದು ಹೆಸರಿಗೆ ಎರಡು ಮೂರು ಮೂಲ ಸಾಧ್ಯವಿದ್ದರೆ ಎರಡು ಮೂರನ್ನೂ ನಂಬರು ಹಾಕಿ ಬರೆಯುತ್ತಾರೆ.

ಜರ್ಮನ್ ಅಡ್ಡಹೆಸರುಗಳಲ್ಲಿ ಐದು ಬಗೆ: ಕಸುಬು, ಅಪ್ಪನ ಹೆಸರು, ಗುಣ ಅಥವಾ ರೂಪ ನೋಡಿ ಜನ ಕರೆದ ಹೆಸರು, ಮನೆಯ ಜಾಗ, ಬಂದ ಊರು. ಹಾಲರ್ ಕೊನೆಯ ಬಗೆಯದು. ಊರಿನ ಹೆಸರು ಹಾಲ್ ಅಥವಾ ಹಾಲೆ, ಅದಕ್ಕೆ ‘ಅರ್’ ಹತ್ತಿದರೆ ಆ ಊರಿಂದ ಬಂದವ. ಓಪನ್‌ಹೈಮರ್ ಹೆಸರೂ ಹೀಗೆಯೇ, ರೈನ್ ನದಿಯ ದಂಡೆಯ ಓಪನ್‌ಹೈಮ್ ಊರಿನದು. ಉತ್ತರ ಜರ್ಮನಿಗೆ ಹೋದರೆ ಈ ಬಾಲ ಎಷ್ಟೋ ಸಲ ಇರುವುದಿಲ್ಲ. ಓಲ್ಡನ್‌ಬುರ್ಗ್ ಊರಿಂದ ಬಂದವನು ಬರೀ ಓಲ್ಡನ್‌ಬುರ್ಗ್. ಅಲ್ಲಿ ಅಣ್ಣಿಗೇರಿ, ಕುಂದಗೋಳ, ಸವಣೂರ ಎನ್ನುವ ನಮ್ಮ ರೀತಿ. ದಕ್ಷಿಣದಲ್ಲಿ ಕಾರವಾರಕರ್, ಅಂಕೋಲೇಕರ್ ಎನ್ನುವ ರೀತಿ.

ನನ್ನ ಅಡ್ಡಹೆಸರೂ ಅಣ್ಣಿಗೇರಿ. ನಮ್ಮ ಮುತ್ತಜ್ಜ ಅಣ್ಣಿಗೇರಿ ಬಿಟ್ಟು ಹುಬ್ಬಳ್ಳಿಗೆ ಬಂದ ಮೇಲೆ ಅಂಟಿಕೊಂಡದ್ದು. ಇದನ್ನು ಹೇಳುತ್ತಿದ್ದಾಗ ನಮ್ಮ ಮನೆಯವಳು ಕೇಳಿದಳು: “ರೀ, ಹಂಗಾದ್ರ ಅಣ್ಣಿಗೇರ್ಯಾಗ ಇದ್ದಾಗ ನಿಮ್ಮನ್ನ ಯಾರೂ ಅಣ್ಣಿಗೇರಿಯವ್ರು ಅಂತಿದ್ದಿಲ್ಲೇನು?” ಎಲ್ಲರೂ ಅಣ್ಣಿಗೇರಿಯವರೇ ಇರುವಲ್ಲಿ ಆ ಹೆಸರಿಂದ ಯಾರನ್ನು ಗುರುತು ಹಿಡಿಯುವುದು? ಹಾಲ್ ಊರಿನಲ್ಲೂ ಅಷ್ಟೇ. ಊರು ಬಿಟ್ಟು ಇನ್ನೊಂದು ಪೇಟೆಗೆ ಹೋದವನನ್ನು ಅಲ್ಲಿಯ ಕರಣಿಕ ‘ಹಾಲರ್’ ಎಂದು ಬರೆದುಕೊಂಡ. ದಕ್ಷಿಣ ಮತ್ತು ಪಶ್ಚಿಮ ಜರ್ಮನಿಯ ಪೇಟೆಗಳಲ್ಲಿ ಇಂಥ ಎರಡನೆಯ ಹೆಸರುಗಳು 12ನೇ ಶತಮಾನದಿಂದ ಕಾಣತೊಡಗುತ್ತವೆ. ಉತ್ತರದ ಫ್ರೀಸ್‌ಲಾಂಡ್ ಕಡೆ ಕಾಯಂ ಅಡ್ಡಹೆಸರು ಇಟ್ಟುಕೊಳ್ಳಿ ಎಂದು ನೆಪೋಲಿಯನ್ 1811ರಲ್ಲಿ ಹುಕುಂ ಮಾಡಬೇಕಾಯಿತು.

ಹಾಗಾದರೆ ಯಾವ ಹಾಲ್? ಪ್ರಮಾಣಪತ್ರ ಎಡವಿದ್ದೇ ಇಲ್ಲಿ. ನಮ್ಮ ಹಾಲಿಗೂ ಈ ಹಾಲ್‌ಗೂ ಸಂಬಂಧವಿಲ್ಲ, ಉಪ್ಪಿಗೆ ಇದೆ. ಸ್ಟುಟ್‌ಗಾರ್ಟ್‌ಗೆ ಹತ್ತಿರದ ಶ್ವೇಬಿಶ್ ಹಾಲ್ ಕೋಖರ್ ನದಿಯ ದಂಡೆಯಲ್ಲಿದೆ. ಅಲ್ಲಿ ಉಪ್ಪುನೀರಿನ ಬುಗ್ಗೆ ಇತ್ತು, ನೀರು ಕುದಿಸಿ ಉಪ್ಪು ತೆಗೆಯುವ ಕೆಲಸ 1924ರವರೆಗೂ ನಡೆಯಿತು. ಆಸ್ಟ್ರಿಯಾದ ಟಿರೋಲ್‌ನಲ್ಲಿ ಇನ್ನೊಂದು ಹಾಲ್, ಅಲ್ಲೂ ಉಪ್ಪು. ಸಾಲೆ ನದಿಯ ಹಾಲೆಯಲ್ಲೂ ಉಪ್ಪು. ರೈಖನ್‌ಹಾಲ್, ಹಾಲೈನ್ ಬೇರೆ. ‘ಹಾಲ್’ ಎಂಬ ಶಬ್ದಕ್ಕೇ ಉಪ್ಪಿನ ಅರ್ಥವಿತ್ತೇ ಎಂದು ವಿದ್ವಾಂಸರು ಜಗಳ ಆಡುತ್ತಲೇ ಇದ್ದಾರೆ. ಹಳೆಯ ಕೆಲ್ಟಿಕ್ ಭಾಷೆಯದು ಎಂಬುದು ಒಂದು ವಾದ, ಅಲ್ಲ, ಜರ್ಮನ್ ಮೂಲದ್ದೇ ಎಂಬುದು ಇನ್ನೊಂದು. ಪ್ರಮಾಣಪತ್ರದವರು ‘ಕೆಲ್ಟಿಕ್’ ಎಂದು ಬಂಗಾರದ ಮಸಿಯಲ್ಲಿ ಅಚ್ಚು ಹಾಕಿಸಿ ಜಗಳ ಮುಗಿಸಿದ್ದರು.

ಶ್ವೇಬಿಶ್ ಹಾಲ್‌ನಲ್ಲಿ ಟಂಕಿಸಿದ ಚಿಲ್ಲರೆ ನಾಣ್ಯದ ಹೆಸರು ಹೆಲ್ಲರ್, ಅದೂ ಊರಿನಿಂದಲೇ ಬಂದದ್ದು. ಹೆಲ್ಲರ್ ಎಂಬ ಅಡ್ಡಹೆಸರು ಕೆಲವರಿಗೆ ಊರಿನಿಂದ ಬಂತು, ಕೆಲವರಿಗೆ ಆ ಪುಡಿಕಾಸಿನಿಂದ.

ಜನಪ್ರಿಯತೆಯ ಮಾತು. ಜರ್ಮನಿಯ ಮೊದಲ ಹತ್ತು ಅಡ್ಡಹೆಸರುಗಳಲ್ಲಿ ಊರಿನ ಹೆಸರು ಒಂದೂ ಇಲ್ಲ. ಮುಲ್ಲರ್, ಶ್ಮಿಟ್, ಶ್ನೈಡರ್, ಫಿಶರ್, ವೇಬರ್ ಹೀಗೆ ಎಲ್ಲವೂ ಕಸುಬು, ಹುದ್ದೆಗಳ ಹೆಸರುಗಳೇ. ಬೀಸುವವ, ಕಮ್ಮಾರ, ದರ್ಜಿ ಪ್ರತಿ ಊರಿನಲ್ಲೂ ಬೇಕು. ಹಾಲ್ ಬಿಟ್ಟು ಬಂದವರು ಎಲ್ಲ ಕಡೆ ಎಲ್ಲಿ ಸಿಗಬೇಕು? ಆದರೂ ಒಂದಕ್ಕೆ ನಾಲ್ಕು ಹಾಲ್‌ಗಳಿದ್ದುದರಿಂದ ಹಾಲರ್ ಅಪರೂಪದ ಹೆಸರೇನಲ್ಲ. ಬವೇರಿಯಾ, ಬಾಡನ್‌-ವ್ಯುರ್ಟೆಂಬರ್ಗ್ ಕಡೆ ದಟ್ಟ, ಉತ್ತರಕ್ಕೆ ಹೋದಂತೆ ವಿರಳ. ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳಲ್ಲೂ ಧಾರಾಳ. 1708ರಲ್ಲಿ ಬರ್ನ್‌ನಲ್ಲಿ ಹುಟ್ಟಿದ ವೈದ್ಯ ಮತ್ತು ಕವಿ ಆಲ್‌ಬ್ರೆಖ್ಟ್ ಫಾನ್ ಹಾಲರ್ ಸ್ವಿಸ್.

ಈಗ ಲಾಂಛನದ ವಿಚಾರ, ನನ್ನ ಸಿಟ್ಟೆಲ್ಲ ಇದರ ಮೇಲೆ. ನ್ಯೂರ್ನ್‌ಬರ್ಗ್‌ನಲ್ಲಿ ಹಾಲರ್ ಫಾನ್ ಹಾಲರ್‌ಸ್ಟೈನ್ ಎಂಬ ದೊಡ್ಡ ಮನೆತನವಿದೆ. ಗ್ರೀಸ್‌ನ ಐಜಿನಾ ದ್ವೀಪದ ದೇವಾಲಯವನ್ನು 1811ರಲ್ಲಿ ಉತ್ಖನನ ಮಾಡಿದವರಲ್ಲಿ ಆ ಮನೆಯ ಕಾರ್ಲ್ ಒಬ್ಬ. ಜರ್ಮನಿಯಲ್ಲಿ ಲಾಂಛನ ಒಂದು ವಂಶದ್ದು, ಅಡ್ಡಹೆಸರಿನದಲ್ಲ. ಅದೇ ಹೆಸರು ಹೊತ್ತ ರೈತನಿಗೂ ಬಡಗಿಗೂ ಆ ಗುರಾಣಿಯಲ್ಲಿ ಪಾಲಿಲ್ಲ. ಪ್ರಮಾಣಪತ್ರದವರು ಅದೇ ಮನೆತನದ ಕಥೆ ಹೇಳಿ, ಹಾಲರ್ ಎಂದು ಟೈಪಿಸಿದವರಿಗೆಲ್ಲ ಗುರಾಣಿ ಹಂಚುತ್ತಾರೆ. ಫ್ರೌ ಹಾಲರ್ ನೋಡಿ ನಕ್ಕರು: “ನಮ್ಮಪ್ಪ ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದರು. ಈ ಕಿರೀಟ ಎಲ್ಲಿ ಇಟ್ಟಿದ್ದರೋ!”

ನಿಘಂಟಿನ ಕೊರತೆಗಳೂ ಇವೆ. ಎಲ್ಲವೂ ಜರ್ಮನ್‌ನಲ್ಲಿ, ಪಾರಿಭಾಷಿಕ ಪದಗಳಿಗೆ ಪಕ್ಕದಲ್ಲಿ ಇನ್ನೊಂದು ನಿಘಂಟು ಬೇಕು. ಅಡಿಪಾಯವೇ ಸ್ಥಿರ ದೂರವಾಣಿಯಾದ್ದರಿಂದ ಬರೀ ಮೊಬೈಲ್ ಇಟ್ಟುಕೊಂಡ ನಮ್ಮಂಥ ಬಾಡಿಗೆದಾರರು ಲೆಕ್ಕಕ್ಕೇ ಇಲ್ಲ. ಅರ್ಧ ಅಂಕ ಕಳೆದದ್ದು ಇದಕ್ಕೆ.

ಇನ್ನೊಂದನ್ನು ಅದು ಹೇಳುವುದಿಲ್ಲ, ಹೇಳಬೇಕೆಂದು ಕೇಳುವುದೂ ತಪ್ಪು. ಬಾಸೆಲ್ ಮಿಶನ್ನಿನ ನೇಯ್ಗೆಯ ಪರಿಣತ ಹಾಲರ್ 1851ರಲ್ಲಿ ಮಂಗಳೂರಿನಲ್ಲಿ ಮಗ್ಗ ಹೂಡಿದ್ದನ್ನು ಫ್ರೌ ಹಾಲರ್‌ಗೆ ಹೇಳಿದೆ. ಖಾಕಿ ಬಣ್ಣ ಅವನದೇ ಎಂದು ಮಂಗಳೂರಿನವರು ಹೆಮ್ಮೆಪಡುತ್ತಾರೆ, ಆದರೆ ಪೇಶಾವರದಲ್ಲಿದ್ದ ಬ್ರಿಟಿಷರ ಗೈಡ್ಸ್ ಪಡೆ ಅದಕ್ಕೂ ಮೊದಲೇ ಖಾಕಿ ತೊಟ್ಟಿತ್ತು ಎಂದೂ ಸೇರಿಸಿದೆ. “ನಮ್ಮವನೇ ಇರಬಹುದಾ?” ಎಂದು ಅವರ ಕಣ್ಣರಳಿತು. ಹೆಸರಿನ ಅರ್ಥ ಒಂದೇ ಆದ ಮಾತ್ರಕ್ಕೆ ನೆಂಟರಾಗುವುದಿಲ್ಲ. ಅದಕ್ಕೆ ಚರ್ಚುಗಳ ದೀಕ್ಷಾಸ್ನಾನ, ಮದುವೆ ದಾಖಲೆಗಳೇ ಬೇಕು. ಪ್ರಾಟೆಸ್ಟಂಟ್ ಚರ್ಚುಗಳ ದಾಖಲೆಗಳ ಚಿತ್ರಗಳು ಆರ್ಖಿಯೋನ್ ಎಂಬ ತಾಣದಲ್ಲಿ ಚಂದಾ ಕೊಟ್ಟರೆ ಸಿಗುತ್ತವೆ, ವ್ಯುರ್ಟೆಂಬರ್ಗ್‌ನವು 16ನೇ ಶತಮಾನದಿಂದ ಇವೆ. ರೊಕ್ಕ ಕೊಡಲೇಬೇಕೆಂದಿದ್ದರೆ ಅಲ್ಲಿ ಕೊಡಿ. ಆದರೆ ಮೊದಲು ಹಳೆಯ ಕುರ್ರೆಂಟ್ ಕೈಬರಹ ಓದಲು ಕಲಿಯಿರಿ. ಅದರಲ್ಲಿ ‘ಇ’ ಮತ್ತು ‘ಎನ್’ ಅಕ್ಷರಗಳು ಬಹುತೇಕ ಒಂದೇ ಥರ ಕಾಣುತ್ತವೆ, ಕಲಿಯುವುದರೊಳಗೆ ಚಂದಾ ಮುಗಿದಿರುತ್ತದೆ.