ಮೂರು ಮಳೆಗಾಲ ಕಂಡ ಸಂಪ್: ಆರು ಅಡಿಯ ಹವಳದ ಟ್ಯಾಂಕಿನ ಕೆಳಗಿನ ಕಥೆ

ಆರು ಅಡಿ ಉದ್ದದ ನಮ್ಮ ಹವಳದ ಟ್ಯಾಂಕಿನ ಕೆಳಗೆ ಕುಳಿತಿರುವ ಈ ಸಂಪ್, ಮಂಗಳೂರಿನ ಉರ್ವದ ನಮ್ಮ ಮನೆಗೆ ಬಂದು ಮೂರು ಮಳೆಗಾಲ ಕಳೆದಿದೆ. ವರ್ಷದ ಲೆಕ್ಕ ಬಿಟ್ಟು ಮಳೆಗಾಲದ ಲೆಕ್ಕ ಹೇಳುವುದಕ್ಕೆ ಕಾರಣವಿದೆ. ಇದರ ದೊಡ್ಡ ದೋಷ ಹೊರಬಿದ್ದದ್ದು ಮಳೆಗಾಲದಲ್ಲಿ, ಅದೂ ಕರೆಂಟ್ ಹೋದ ಹೊತ್ತಿನಲ್ಲಿ. ಸಂಪ್ ಮಾಡಿಸುತ್ತಿದ್ದೇನೆ ಎಂದು ಹೇಳಿದಾಗ ಪಕ್ಕದ ಮನೆಯವರು, “ಬಾವಿಯಲ್ಲಿ ನೀರು ಉಂಟಲ್ಲ, ಮತ್ತೆ ಸಂಪ್ ಯಾಕೆ ನಿಮಗೆ?” ಎಂದು ಕೇಳಿದ್ದರು. ಅಂಗಳ ಅಗೆಯುವ ಸಂಪ್ ಅದಲ್ಲ, ಮೀನಿನ ಟ್ಯಾಂಕಿನ ಸಂಪ್, ಮೇಲಿನ ಟ್ಯಾಂಕಿನ ನೀರು ಇಳಿದು ಬಂದು ಶುದ್ಧವಾಗಿ ಪಂಪ್‌ನಿಂದ ಮತ್ತೆ ಮೇಲೇರುವ ಗಾಜಿನ ತೊಟ್ಟಿ ಎಂದು ವಿವರಿಸಿದ್ದೆ. ಮೊದಲ ಜೂನ್ ತಿಂಗಳಲ್ಲಿ ಮನೆಯೊಳಗೆ ನಿಂತ ನೀರನ್ನು ಕಂಡಾಗ ಅಂಗಳ ಅಗೆಸಿದ್ದರೇ ಒಳ್ಳೆಯದಿತ್ತೇನೋ ಎನಿಸಿದ್ದು ಸುಳ್ಳಲ್ಲ.

ಇದನ್ನು ಮಾಡಿಕೊಟ್ಟವರು ನಗರದಲ್ಲೇ ಅಕ್ವೇರಿಯಂ ಗಾಜಿನ ಕೆಲಸ ಮಾಡುವವರು, ಹೆಸರು ಬೇಡ. ಹತ್ತು ಮಿಲಿಮೀಟರ್ ಗಾಜು, 120 ಸೆಂ.ಮೀ. ಉದ್ದ, 45 ಅಗಲ, 40 ಎತ್ತರ. ಅಂಟಿಸಿ, ಸ್ಟ್ಯಾಂಡಿನೊಳಗೆ ಕೂರಿಸಿ ಕೊಡುವುದೂ ಸೇರಿ ನಾನು ಕೊಟ್ಟದ್ದು 18,500 ರೂಪಾಯಿ. ಮೂರು ಕೋಣೆಗಳಿವೆ. ಮೇಲಿನಿಂದ ಬಂದ ನೀರು ಮೊದಲು ಬಟ್ಟೆಯ ಚೀಲ ಮತ್ತು ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಇರುವ ಕೋಣೆಗೆ, ಅಲ್ಲಿಂದ ಪಾಚಿ ಬೆಳೆಸುವ ರೆಫ್ಯೂಜಿಯಂಗೆ, ಕೊನೆಗೆ ಗುಳ್ಳೆ ತಡೆಯುವ ಅಡ್ಡಗಾಜುಗಳನ್ನು ದಾಟಿ ಪಂಪ್ ಇರುವ ಕೋಣೆಗೆ ಹೋಗುತ್ತದೆ. ಈ ವಿನ್ಯಾಸವನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಅಂಟಿನ ಕೆಲಸ ಮಾತ್ರ ಅಚ್ಚುಕಟ್ಟಾಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮೂರು ಮಳೆಗಾಲದಲ್ಲಿ ಒಂದು ಸಂದಿಯಿಂದಲೂ ಹನಿ ನೀರು ಜಿನುಗಿಲ್ಲ. ಕೆಳಗೆ ಬರೆಯುವ ದೂರುಗಳೆಲ್ಲ ಅಳತೆಯನ್ನು ಕುರಿತವು, ಕೈಕೆಲಸವನ್ನು ಕುರಿತವಲ್ಲ.

ಮೊದಲ ಪ್ರಸಂಗ ಹೀಗಾಯಿತು. ರಾತ್ರಿಯಿಡೀ ಗಾಳಿಮಳೆ ಸುರಿದು ಯಾವಾಗಲೋ ಕರೆಂಟ್ ಹೋಗಿತ್ತು. ಬೆಳಿಗ್ಗೆ ಐದಕ್ಕೆ ದೇವರ ದೀಪ ಹಚ್ಚಲು ಎದ್ದು ಬಂದ ಅಮ್ಮ ಹಾಲ್‌ನಲ್ಲಿ ಕಾಲು ಜಾರಿ ಗೋಡೆ ಹಿಡಿದುಕೊಂಡರು. “ಮಾಡು ಸೋರ್ತದೆ ಕಾಣ್ತದೆ, ಎದ್ದು ನೋಡು” ಎಂದು ನನ್ನನ್ನು ಕರೆದರು. ಟಾರ್ಚ್ ಹಿಡಿದು ನೋಡಿದರೆ ಮಾಡು ಒಣಗಿಯೇ ಇತ್ತು. ನೀರು ಹರಿದು ಬಂದದ್ದು ಟ್ಯಾಂಕಿನ ಸ್ಟ್ಯಾಂಡಿನ ಕೆಳಗಿನಿಂದ. ಸಂಪ್ ಅಂಚಿನವರೆಗೂ ತುಂಬಿ, ಎದುರಿನ ಗಾಜಿನ ಮೇಲೆ ತೆಳ್ಳಗಿನ ಪದರವಾಗಿ ಇನ್ನೂ ಇಳಿಯುತ್ತಿತ್ತು. ಗೋಣಿಚೀಲ, ಹಳೆಯ ಬೆಡ್‌ಶೀಟ್, ಬಕೆಟ್ ಎಲ್ಲವೂ ಬೇಕಾದವು. ಒರೆಸಿದಷ್ಟೂ ನೆಲ ಅಂಟಂಟು. ಉಪ್ಪುನೀರು ಒಂದು ಸಲ ಚೆಲ್ಲಿದರೆ ಒಂದು ಸಲ ಒರೆಸಿ ಮುಗಿಯುವುದಿಲ್ಲ ಎಂಬುದನ್ನು ಆ ದಿನ ಮಧ್ಯಾಹ್ನ, ಒಣಗಿದ ನೆಲದ ಮೇಲೆ ಬಿಳಿಯ ಗೆರೆಗಳು ಮೂಡಿದಾಗ ತಿಳಿದುಕೊಂಡೆ.

ಕರೆಂಟ್ ಹೋದರೆ ಸಂಪ್ ತುಂಬಿ ಚೆಲ್ಲುವುದಿಲ್ಲವೇ ಎಂದು ಸಂಪ್ ತಂದಿಟ್ಟ ದಿನವೇ ನಾನು ಮಾಡಿಕೊಟ್ಟವರನ್ನು ಕೇಳಿದ್ದೆ. “ಪಂಪ್ ನಿಂತ ಮೇಲೆ ನೀರು ಎಲ್ಲಿಂದ ಬರ್ತದೆ ಮಾರಾಯ್ರೆ?” ಎಂದು ಅವರು ನಕ್ಕಿದ್ದರು. ಎಲ್ಲಿಂದ ಬರುತ್ತದೆ ಎಂದರೆ, ಪಂಪ್ ನಿಂತಾಗ ನೀರನ್ನು ಮೇಲಕ್ಕೆ ತಳ್ಳುವ ಶಕ್ತಿ ಇಲ್ಲವಾಗಿ, ನೀರನ್ನು ಮೇಲಕ್ಕೆ ಒಯ್ಯುತ್ತಿದ್ದ ಅದೇ ಪೈಪು ಸೈಫನ್ ಆಗಿ ತಿರುಗಿ, ಮೇಲಿನ ಟ್ಯಾಂಕಿನ ನೀರನ್ನು ಕೆಳಕ್ಕೆ ಎಳೆಯುತ್ತದೆ. ಪೈಪಿನ ಬಾಯಿ ನೀರಿನಿಂದ ಹೊರಬಿದ್ದು ಗಾಳಿ ಎಳೆದುಕೊಳ್ಳುವವರೆಗೂ ಅದು ನಿಲ್ಲುವುದಿಲ್ಲ. ನಮ್ಮ ಟ್ಯಾಂಕಿನ ಮೇಲ್ಮೈ 180 ಸೆಂ.ಮೀ. ಉದ್ದ, 60 ಅಗಲ. ಅಂದರೆ ನೀರು ಒಂದು ಸೆಂಟಿಮೀಟರ್ ಇಳಿದರೆ ಹತ್ತಿರ ಹತ್ತಿರ 11 ಲೀಟರ್ ಕೆಳಗೆ ಬಂತು ಎಂದೇ ಅರ್ಥ. ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ 6 ಸೆಂ.ಮೀ. ಕೆಳಗಿತ್ತು, ಅದಕ್ಕೆ 65 ಲೀಟರ್. ಸಂಪ್‌ನಲ್ಲಿ ನೀರು 28 ಸೆಂ.ಮೀ.ಗೆ ನಿಲ್ಲುವಂತೆ ಅಡ್ಡಗಾಜುಗಳನ್ನು ಕೂರಿಸಿದ್ದರಿಂದ ಮೇಲೆ ಉಳಿದ ಜಾಗ 12 ಸೆಂ.ಮೀ., ಅದೂ 65 ಲೀಟರ್. ಅಷ್ಟಕ್ಕಷ್ಟೇ ಸರಿಹೋಗಬೇಕಿತ್ತು. ಮೇಲಿನ ಟ್ಯಾಂಕಿನ ನೀರು ಕೆಳಗಿಳಿಯುವ ಓವರ್‌ಫ್ಲೋ ಪೆಟ್ಟಿಗೆಯಲ್ಲೂ ಪೈಪುಗಳಲ್ಲೂ ನಿಂತಿದ್ದ 14 ಲೀಟರ್ ಯಾರ ಲೆಕ್ಕದಲ್ಲೂ ಇರಲಿಲ್ಲ. ಅದು ಹಾಲ್‌ನ ಲೆಕ್ಕಕ್ಕೆ ಬಂತು.

ಹದಿನಾಲ್ಕು ಲೀಟರ್ ದೊಡ್ಡ ನಷ್ಟವಲ್ಲ ಎನ್ನಬಹುದು. ಅರ್ಧ ಕಿಲೋ ಅಕ್ವೇರಿಯಂ ಉಪ್ಪು ಹೋಯಿತು, ಅಷ್ಟೇ. ಆದರೆ ಕರೆಂಟ್ ಬಂದು ಪಂಪ್ ಮತ್ತೆ ಶುರುವಾದಾಗ ಕೊನೆಯ ಕೋಣೆಯಲ್ಲಿ ನೀರು ಕಡಿಮೆಯಾಗಿರುತ್ತದೆ. ಆವಿಯಾದ ನೀರನ್ನು ತುಂಬಲೆಂದು ಇಟ್ಟ ಆಟೋ ಟಾಪ್‌ಆಫ್‌ಗೆ ನೀರು ಆವಿಯಾಯಿತೋ ಚೆಲ್ಲಿತೋ ಎಂಬ ಭೇದ ತಿಳಿಯದು. ಅದು ಚೆಲ್ಲಿದ ಉಪ್ಪುನೀರಿನ ಜಾಗಕ್ಕೆ ಸಿಹಿನೀರನ್ನು ಸುರಿಯುತ್ತದೆ. ಉಪ್ಪಿನಂಶ ಸಾವಿರಕ್ಕೆ 35ರಿಂದ 34ರ ಹತ್ತಿರಕ್ಕೆ ಇಳಿಯಿತು. ಒಂದು ಸಲಕ್ಕೆ ಹವಳಗಳು ಸಹಿಸಿಕೊಳ್ಳುತ್ತವೆ. ದಿನ ಬಿಟ್ಟು ದಿನ ಕರೆಂಟ್ ಹೋಗುವ ವಾರದಲ್ಲಿ ಇದೇ ನಡೆದರೆ ಲೆಕ್ಕ ಬೇರೆಯಾಗುತ್ತದೆ. ಸಮುದ್ರ ಇಷ್ಟು ಹತ್ತಿರ ಇರುವಾಗ ಪಣಂಬೂರಿನಿಂದ ಎರಡು ಕ್ಯಾನ್ ತಂದು ಸುರಿದರಾಯಿತಲ್ಲ ಎಂದು ಹೇಳುವವರು ಹಲವರಿದ್ದಾರೆ. ನೇತ್ರಾವತಿ, ಗುರುಪುರ ಎರಡೂ ಹೊಳೆಗಳು ಕೆಂಪಾಗಿ ತುಂಬಿ ಹರಿಯುವ ತಿಂಗಳುಗಳಲ್ಲಿ ನಮ್ಮ ದಡದ ನೀರನ್ನು ಟ್ಯಾಂಕಿಗೆ ಸುರಿಯುವ ಧೈರ್ಯ ನನಗಿಲ್ಲ.

ಮಾಡಿಕೊಟ್ಟವರಿಗೆ ಫೋನ್ ಮಾಡಿದಾಗ ಒಂದು ಚೆಕ್ ವಾಲ್ವ್ ಹಾಕಿ ಎಂದರು. ಹಾಕಿದೆ. ನೀರು ಒಂದೇ ದಿಕ್ಕಿಗೆ ಹೋಗುವಂತೆ ಮಾಡುವ ಆ ಮುಚ್ಚಳದ ಅಂಚಿನಲ್ಲಿ ಕೆಲವೇ ತಿಂಗಳಲ್ಲಿ ಸುಣ್ಣದ ಸಣ್ಣ ಕೊಳವೆಹುಳುಗಳು ಮನೆ ಕಟ್ಟಿ, ಅದು ಪೂರ್ತಿ ಮುಚ್ಚದಂತಾಯಿತು. ಆಮೇಲೆ ಅವರೇ ಬಂದು ಪೈಪಿನಲ್ಲಿ, ನೀರಿನ ಮಟ್ಟದಿಂದ ಒಂದೂವರೆ ಸೆಂಟಿಮೀಟರ್ ಕೆಳಗೆ, ಗಾಳಿ ಎಳೆದುಕೊಳ್ಳಲು ಒಂದು ತೂತು ಕೊರೆದು ಹೋದರು. ಕೂಲಿ ತೆಗೆದುಕೊಳ್ಳಲಿಲ್ಲ. ನೀರು ತೂತಿನ ಮಟ್ಟಕ್ಕೆ ಇಳಿದ ಕೂಡಲೇ ಸುರ್ರೆಂದು ಗಾಳಿ ಹೊಕ್ಕು ಸೈಫನ್ ಕಡಿಯುತ್ತಿತ್ತು. ಕೆಲವು ತಿಂಗಳು ನೆಮ್ಮದಿಯಿಂದ ಇದ್ದೆ.

ಎರಡನೆಯ ಮಳೆಗಾಲದಲ್ಲಿ ಮತ್ತೆ ನೆಲ ಒದ್ದೆಯಾಯಿತು. ಈ ಸಲ ತಪ್ಪು ಯಾರದು ಎಂದು ಹುಡುಕಿದರೆ, ಗಾಜಿನ ಪಾಚಿ ತಿನ್ನಲೆಂದು ನಾನೇ ಬಿಟ್ಟ ಬಸವನಹುಳುವೊಂದು ಪೈಪಿನ ಮೇಲೆ ಹತ್ತಿ, ತನ್ನ ಅಗಲವಾದ ಪಾದವನ್ನು ಸರಿಯಾಗಿ ಆ ತೂತಿನ ಮೇಲೇ ಊರಿಕೊಂಡು ಕುಳಿತಿತ್ತು. ನಾನು ಕೈಯಿಂದ ಎಳೆದಾಗ ಪಚಕ್ಕೆಂಬ ಸದ್ದಿನೊಂದಿಗೆ ಬಿಟ್ಟುಕೊಂಡಿತು. ಅದರ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ. ತೂತನ್ನು ನಂಬಿ ಮನೆ ನಡೆಸಬಾರದು ಎಂದು ನಿರ್ಧರಿಸಿ, ಒಂದು ಎಲ್ಬೋ ತಂದು ಪೈಪಿನ ಬಾಯಿಯನ್ನೇ ಮೇಲಕ್ಕೆತ್ತಿ, ನೀರಿನ ಮಟ್ಟಕ್ಕಿಂತ 3 ಸೆಂ.ಮೀ. ಮಾತ್ರ ಕೆಳಗಿರುವಂತೆ ಮಾಡಿದೆ. ಈಗ ತೂತು ಮುಚ್ಚಿಹೋದರೂ ಕೆಳಗೆ ಬರುವುದು ಹೆಚ್ಚೆಂದರೆ 46 ಲೀಟರ್. ಇಷ್ಟು ಸಣ್ಣ ಕೆಲಸವನ್ನು ಮೊದಲ ದಿನವೇ ಮಾಡಿದ್ದರೆ ಎರಡು ಸಲ ನೆಲ ಒರೆಸುವುದೂ, ಉಬ್ಬಿಹೋದ ಸ್ಟ್ಯಾಂಡಿನ ಪ್ಲೈವುಡ್ ಬಾಗಿಲು ಬದಲಿಸುವುದೂ ತಪ್ಪುತ್ತಿತ್ತು. ಬಾಗಿಲಿನ ಖರ್ಚು ನನ್ನದೇ.

ಇಷ್ಟು ಓದಿದವರು ನಾನು ಈ ಸಂಪ್ ಅನ್ನು ತೆಗೆಸಿಬಿಟ್ಟಿದ್ದೇನೆ ಎಂದುಕೊಂಡಿರಬಹುದು. ತೆಗೆಸಬೇಕೆಂದೇ ಇದ್ದೆ. ತಡೆದದ್ದು ನಡುವಿನ ಕೋಣೆ.

ರೆಫ್ಯೂಜಿಯಂ ನಾನು ಕೇಳಿದ್ದಲ್ಲ. ಆ ಜಾಗವನ್ನೂ ಸ್ಕಿಮ್ಮರಿಗೇ ಕೊಡಿ ಎಂದು ನಾನು ವಾದಿಸಿದ್ದೆ. “ಇರ್ಲಿ ಸರ್, ಒಂದು ಮುಷ್ಟಿ ಪಾಚಿ ಹಾಕಿ ಬಿಡಿ, ಆಮೇಲೆ ಹೇಳಿ” ಎಂದು ಅವರು ಹಟ ಹಿಡಿದು 40 ಸೆಂ.ಮೀ. ಜಾಗವನ್ನು ಅದಕ್ಕೆ ಬಿಟ್ಟರು. ನೀರಿನ ಲೆಕ್ಕದಲ್ಲಿ ಎಡವಿದ ಅದೇ ಮನುಷ್ಯ ಇದರಲ್ಲಿ ನನಗಿಂತ ಸರಿಯಾಗಿದ್ದರು. ಅಲ್ಲಿ ಬೆಳೆಯುವುದು ಕೀಟೊಮಾರ್ಫಾ ಎಂಬ ಪಾಚಿ. ಬಂದರಿನಲ್ಲಿ ದೋಣಿಗಳ ಪಕ್ಕ ಬಿದ್ದಿರುವ ಹಸಿರು ನೈಲಾನ್ ಬಲೆಯ ಸಿಕ್ಕನ್ನು ಕಂಡವರಿಗೆ ಬೇರೆ ವರ್ಣನೆ ಬೇಡ. ಮುಟ್ಟಿದರೂ ಹಾಗೆಯೇ ಒರಟು. ಮೀನಿನ ಹಿಕ್ಕೆ ಮತ್ತು ಉಳಿದ ಆಹಾರ ಕೊಳೆತು ಉಂಟಾಗುವ ನೈಟ್ರೇಟ್, ಫಾಸ್ಫೇಟ್‌ಗಳನ್ನು ಅದು ಹೀರಿ ಬೆಳೆಯುತ್ತದೆ. ಬೆಳೆದದ್ದನ್ನು ಕಿತ್ತು ಹೊರಹಾಕಿದರೆ ಆ ಕೊಳೆಯೂ ಅದರೊಂದಿಗೆ ಟ್ಯಾಂಕಿನಿಂದ ಹೊರಗೆ. ಮೊದಲು 40 ಪಿಪಿಎಂ ಹತ್ತಿರ ಇದ್ದ ನೈಟ್ರೇಟ್ ಐದು ತಿಂಗಳಲ್ಲಿ 10ಕ್ಕೆ ಬಂದು ಅಲ್ಲೇ ನಿಂತಿದೆ. ನನಗೆ ಅಷ್ಟು ಸಾಕು. ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿರುವುದರಿಂದ ನಾನು ಅವುಗಳ ಗೊಡವೆಗೆ ಹೋಗಿಲ್ಲ. ಇರುವುದೆಲ್ಲ ಮೆದುಹವಳ, ಅಣಬೆ ಹವಳ ಮತ್ತು ಜೋಆಂಥಿಡ್ ಎಂಬ ಹವಳದ ಸಂಬಂಧಿಗಳು. ಸ್ವಲ್ಪ ನೈಟ್ರೇಟ್ ಇದ್ದರೆ ಅವಕ್ಕೆ ತೊಂದರೆಯಿಲ್ಲ. ದೊಡ್ಡ ಸ್ಕಿಮ್ಮರಿನ ದುಡ್ಡು ಹೀಗೆ ಉಳಿಯಿತು.

ಪಾಚಿಯ ಮೇಲಿನ ದೀಪ ರಾತ್ರಿ ಒಂಬತ್ತಕ್ಕೆ ಹೊತ್ತಿ ಬೆಳಿಗ್ಗೆ ಆರಕ್ಕೆ ಆರುತ್ತದೆ. ಮೇಲಿನ ಟ್ಯಾಂಕಿನಲ್ಲಿ ದೀಪ ಆರಿದ ಮೇಲೆ ಎಲ್ಲ ಜೀವಿಗಳೂ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಡುವುದರಿಂದ ಬೆಳಗಿನ ಜಾವಕ್ಕೆ ಪಿಎಚ್ ಇಳಿಯುತ್ತದೆ. ಆ ಹೊತ್ತಿನಲ್ಲಿ ಕೆಳಗಿನ ಪಾಚಿ ಅದನ್ನು ಹೀರಿಕೊಂಡರೆ ಇಳಿತ ಕಡಿಮೆ. ನಮ್ಮಲ್ಲಿ ಬೆಳಗಿನ ಪಿಎಚ್ 7.8 ಇದ್ದದ್ದು ಈಗ 8.0ರ ಆಸುಪಾಸಿನಲ್ಲಿದೆ.

ಆದರೆ ನಾನು ಆ ದೀಪವನ್ನು ಕಾಯುವುದು ಪಿಎಚ್‌ಗಾಗಿ ಅಲ್ಲ. ಊಟವಾಗಿ ಪಾತ್ರೆಗಳ ಸದ್ದು ನಿಂತ ಮೇಲೆ, ಅಡುಗೆಮನೆಯ ಹಳೆಯ ಮಣೆಯೊಂದನ್ನು ತಂದು ಸ್ಟ್ಯಾಂಡಿನ ಮುಂದೆ ಹಾಕಿ, ಬಾಗಿಲು ತೆರೆದು ಕುಳಿತುಕೊಳ್ಳುತ್ತೇನೆ. ಮೊದಲ ಎರಡು ನಿಮಿಷ ಹಸಿರು ಸಿಕ್ಕಿನ ಹೊರತು ಏನೂ ಕಾಣುವುದಿಲ್ಲ. ಆಮೇಲೆ ಗಾಜಿನ ಮೇಲೆ ಬಿಳಿಯ ಚುಕ್ಕೆಗಳು ನೆಗೆನೆಗೆದು ಸರಿಯುವುದು ಕಾಣುತ್ತದೆ. ಅವು ಕೋಪೆಪಾಡ್‌ಗಳು, ರವೆಯ ಕಾಳಿಗಿಂತ ಸಣ್ಣವು. ಪಾಚಿಯ ಎಳೆಗಳ ನಡುವೆ ಬೆನ್ನು ಬಾಗಿಸಿಕೊಂಡ ಆಂಫಿಪಾಡ್‌ಗಳು ಪಕ್ಕಕ್ಕೆ ಮಲಗಿಕೊಂಡೇ ಈಜುತ್ತವೆ. ಒಂದು ಎಳೆಯನ್ನು ಹಿಡಿದು ಕೆರೆದು ಮತ್ತೊಂದಕ್ಕೆ ಹಾರುತ್ತವೆ. ಮೀನಿಲ್ಲದ ಈ ಕೋಣೆಯಲ್ಲಿ ಅವುಗಳನ್ನು ತಿನ್ನುವವರು ಯಾರೂ ಇಲ್ಲದ್ದರಿಂದಲೇ ಇದಕ್ಕೆ ಆಶ್ರಯ ಎಂಬರ್ಥದ ಆ ಹೆಸರು. ಇಲ್ಲಿ ಹೆಚ್ಚಾದವುಗಳಲ್ಲಿ ಕೆಲವು ಪಂಪ್ ದಾಟಿ ಮೇಲಿನ ಟ್ಯಾಂಕಿಗೆ ಹೋಗುತ್ತವೆ. ಹದಿನಾಲ್ಕು ತಿಂಗಳು ಕಾದ ಮೇಲೆ, ಬಹುತೇಕ ಇಂಥ ಜೀವಿಗಳನ್ನೇ ತಿಂದು ಬದುಕುವ ಮ್ಯಾಂಡರಿನ್ ಮೀನೊಂದನ್ನು ಧೈರ್ಯ ಮಾಡಿ ತಂದೆ. ಹೊಸ ಟ್ಯಾಂಕಿನಲ್ಲಿ ಈ ಮೀನು ಹಸಿವಿನಿಂದ ಸೊರಗಿ ಸಾಯುವುದೇ ಹೆಚ್ಚು. ನಮ್ಮದರ ಹೊಟ್ಟೆ ಇಂದಿಗೂ ತುಂಬಿಕೊಂಡೇ ಇದೆ, ಕಲ್ಲಿನ ಮೇಲೆ ನಿಂತು ನಿಂತು ಕೊಕ್ಕರೆಯ ಹಾಗೆ ಕುಟುಕುತ್ತ ಹೋಗುತ್ತದೆ.

ಮೂರು ವಾರಕ್ಕೊಮ್ಮೆ ಭಾನುವಾರ ಪಾಚಿಯ ಅರ್ಧ ಭಾಗವನ್ನು ಕಿತ್ತು, ಅದೇ ನೀರಿನ ಬಕೆಟ್ಟಿನಲ್ಲಿ ಚೆನ್ನಾಗಿ ಜಾಲಾಡಿಸಿ ಹುಳುಗಳನ್ನು ವಾಪಸ್ ಬಿಟ್ಟು, ಹಿಂಡಿ ತೆಂಗಿನ ಬುಡಕ್ಕೆ ಹಾಕುತ್ತೇನೆ. ತೆಂಗಿಗೆ ಉಪ್ಪು ಹಾಕುವ ರೂಢಿ ನಮ್ಮಲ್ಲಿ ಹಿಂದಿನಿಂದಲೂ ಇರುವುದರಿಂದ ಅಮ್ಮನಿಗೆ ಈ ಇಡೀ ಏರ್ಪಾಡಿನಲ್ಲಿ ಒಪ್ಪಿಗೆಯಾದ ಭಾಗ ಇದೊಂದೇ.

ಉಳಿದ ದೂರುಗಳು ಸಣ್ಣವು. ಪಂಪ್ ಕೋಣೆ 30 ಸೆಂ.ಮೀ. ಮಾತ್ರ ಉದ್ದವಿರುವುದು ಸಾಲದು. ಎಲ್ಲ ಕೋಣೆಗಳ, ಮೇಲಿನ ಟ್ಯಾಂಕಿನ ಆವಿಯ ಲೆಕ್ಕವೂ ಈ ಒಂದು ಕೋಣೆಯಲ್ಲೇ ಕಾಣುವುದರಿಂದ, ಏಪ್ರಿಲ್‌ನಲ್ಲಿ ಫ್ಯಾನ್ ಹಾಕಿದರೆ ದಿನಕ್ಕೆ 8 ಲೀಟರ್ ಹೋಗಿ ಇಲ್ಲಿ ನೀರು 6 ಸೆಂ.ಮೀ. ಇಳಿಯುತ್ತದೆ, ಟಾಪ್‌ಆಫ್ ಒಂದು ದಿನ ಕೈಕೊಟ್ಟರೆ ಪಂಪ್ ಗಾಳಿ ಎಳೆದು ಗೊರಕೆ ಹೊಡೆಯುತ್ತದೆ. ಅಡ್ಡಗಾಜುಗಳ ನಡುವಿನ ಸಂದು ಎರಡು ಸೆಂಟಿಮೀಟರ್‌ಗೆ ಬದಲು ನಾಲ್ಕು ಇದ್ದಿದ್ದರೆ ನೀರಿನ ವೇಗ ಅರ್ಧವಾಗಿ, ಮೇಲೆ ಕಾಣುವ ಸಣ್ಣ ಗುಳ್ಳೆಗಳೂ ಕಡಿಮೆಯಾಗುತ್ತಿದ್ದವು. ಸ್ಟ್ಯಾಂಡಿನ ಹಿಂಜ್‌ಗಳು ತುಕ್ಕು ಹಿಡಿದು ಹೋದದ್ದಕ್ಕೆ ಮಾತ್ರ ಮಂಗಳೂರಿನ ಹವೆಯನ್ನೇ ದೂರಬೇಕು.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಇನ್ನೊಂದು ಸಂಪ್ ಬೇಕಾದರೆ ಅವರಲ್ಲಿಗೇ ಹೋಗುತ್ತೇನೆ, ಆದರೆ ಅಡ್ಡಗಾಜಿನ ಎತ್ತರವನ್ನು ನಾನೇ ಬರೆದುಕೊಂಡು ಹೋಗುತ್ತೇನೆ.

ಪ್ರತಿ ವರ್ಷ ಪತ್ತನಾಜೆಯ ದಿನ, ಮಳೆಗೆ ಮುನ್ನ, ಮೇನ್ ಸ್ವಿಚ್ ಆಫ್ ಮಾಡಿ ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಪರೀಕ್ಷಿಸಿ ಸಂಪ್‌ನ ಗಾಜಿನ ಮೇಲೆ ಮಾರ್ಕರ್‌ನಿಂದ ಗೆರೆ ಎಳೆಯುತ್ತೇನೆ. ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುವ ಆ ದಿನ ನನ್ನದು ಬಸವನಹುಳುವಿನ ವೇಷ: ಸ್ಟೂಲ್ ಹತ್ತಿ, ಪೈಪಿನ ತೂತನ್ನು ಬೆರಳಿನಿಂದ ಮುಚ್ಚಿ, ನೀರು ಪೂರ್ತಿ ಇಳಿದು ನಿಲ್ಲುವವರೆಗೆ ಕಾಯುತ್ತೇನೆ. ಈ ವರ್ಷದ ಗೆರೆ ಅಂಚಿಗಿಂತ ಮೂರೂವರೆ ಸೆಂಟಿಮೀಟರ್ ಕೆಳಗೆ ಬಿದ್ದಿದೆ.