ಕ್ಲೋ ದ ವೂಜೋ, ಕ್ಲೋ ದ ತಾರ್: ಎರಡು ಮಠಗಳ ತೋಟ, ಎರಡು ದಾರಿ

ಫ್ರಾನ್ಸಿನ ವೈನ್ ಸೀಮೆ ಬರ್ಗಂಡಿಯ ಈ ಎರಡು ದ್ರಾಕ್ಷಿ ತೋಟಗಳ ನಡುವೆ ಕೆಲವೇ ಕಿಲೋಮೀಟರ್ ದೂರ. ಎರಡನ್ನೂ ಬೆಳೆಸಿದ್ದು ಸಿಸ್ಟರ್ಸಿಯನ್ ಎಂಬ ಕ್ರೈಸ್ತ ಸನ್ಯಾಸಿ ಪಂಥದ ಮಠದವರು. ಎರಡಕ್ಕೂ ಕಲ್ಲಿನ ಗೋಡೆ, ಎರಡರಲ್ಲೂ ಪಿನೋ ನ್ವಾರ್ ದ್ರಾಕ್ಷಿ, ಎರಡಕ್ಕೂ ಗ್ರಾಂ ಕ್ರೂ ಎಂಬ ಮೇಲಿನ ದರ್ಜೆ. ಆದರೆ ಇಲ್ಲಿನ ವೈನ್ ಕುಡಿದು ನೋಡಿದರೆ ಅನುಭವವೇ ಬೇರೆ.

ವೂಜೋ ಹೆಚ್ಚು ಹೆಸರುವಾಸಿ. ಸೀತೋ ಮಠದ ಸನ್ಯಾಸಿಗಳು 12ನೇ ಶತಮಾನದಿಂದ ತುಂಡು ತುಂಡಾಗಿ ಕೂಡಿಸಿದ ಜಮೀನು ಅದು, ಸುಮಾರು 50 ಹೆಕ್ಟೇರ್. ಫ್ರೆಂಚ್ ಕ್ರಾಂತಿಯಲ್ಲಿ ಮಠದ ಕೈತಪ್ಪಿತು. ಆಮೇಲೂ ಬಹಳ ಕಾಲ ಇಡಿಯಾಗಿಯೇ ಇತ್ತು. 1889ರಲ್ಲಿ ಹಿಸ್ಸೆ ಶುರುವಾಯಿತು. ಈಗ ಸುಮಾರು 80 ಮಾಲೀಕರು, ಕೆಲವರ ಪಾಲಿಗೆ ಬರೀ ಒಂದಷ್ಟು ಸಾಲು ಬಳ್ಳಿ.

ತೊಂದರೆ ಇರುವುದು ಇಲ್ಲೇ. ಇಳಿಜಾರಿನ ಮೇಲ್ಭಾಗದಲ್ಲಿ ತೆಳು ಮಣ್ಣು, ಸುಣ್ಣಕಲ್ಲು, ನೀರು ಬೇಗ ಬಸಿದು ಹೋಗುತ್ತದೆ. ಕೆಳಗೆ ಹೆದ್ದಾರಿ ಪಕ್ಕದಲ್ಲಿ ಜೇಡಿಮಣ್ಣು, ಮಳೆ ಬಂದರೆ ನೀರು ನಿಲ್ಲುತ್ತದೆ. ಲೇಬಲ್ ಮೇಲೆ ಮಾತ್ರ ಎಲ್ಲಕ್ಕೂ ಒಂದೇ ಹೆಸರು! ಒಂದೇ ವರ್ಷದ ಎರಡು ವೂಜೋಗಳನ್ನು ಅಕ್ಕಪಕ್ಕ ಇಟ್ಟು ಕುಡಿದಿದ್ದೇನೆ. ಮೇಲ್ಭಾಗದ್ದು ಗಟ್ಟಿಯಾಗಿತ್ತು, ಕಪ್ಪು ಚೆರ್ರಿಯ ವಾಸನೆ, ನುಂಗಿದ ಮೇಲೂ ಬಾಯಲ್ಲಿ ಉಳಿಯುವ ರುಚಿ. ಕೆಳಭಾಗದ್ದು ಒರಟು, ಒಗರು ಜಾಸ್ತಿ, ರುಚಿ ಬೇಗ ಮಾಯ. ಇಷ್ಟು ದೊಡ್ಡ ಹೆಸರಿಗೆ ಇದು ನ್ಯಾಯವಲ್ಲ ಅಂತಲೇ ನನ್ನ ಅಭಿಪ್ರಾಯ. ಹಾಗಂತ ಕೆಳಗಿನದೆಲ್ಲ ಕೆಟ್ಟದ್ದಲ್ಲ. ಶ್ರದ್ಧೆಯಿಂದ ದುಡಿಯುವವರು ಅಲ್ಲೂ ಒಳ್ಳೆಯ ವೈನ್ ಮಾಡುತ್ತಾರೆ.

ಮೋರೆ ಸೇಂ ದೆನಿ ಊರಿನ ಕ್ಲೋ ದ ತಾರ್ ಕಥೆ ನೇರವಾಗಿದೆ. 1141ರಲ್ಲಿ ತಾರ್ ಮಠದ ಸನ್ಯಾಸಿನಿಯರ ಕೈಗೆ ಬಂತು. ಬರೀ 7.5 ಹೆಕ್ಟೇರ್. ಅಂದಿನಿಂದ ಇಂದಿನವರೆಗೆ ಒಮ್ಮೆಯೂ ಪಾಲಾಗಿಲ್ಲ, ಒಡೆತನ ಬದಲಾದದ್ದೂ ಮೂರೇ ಸಲ. ಮಠದಿಂದ ಮಾರೆ ಮೋಂಜ್ ಮನೆತನಕ್ಕೆ, 1932ರಲ್ಲಿ ಮೊಮ್ಮೆಸ್ಸೆಂ ಮನೆತನಕ್ಕೆ, ಇತ್ತೀಚೆಗೆ ಉದ್ಯಮಿ ಫ್ರಾಂಸ್ವಾ ಪಿನೋ ಅವರ ಕಂಪನಿಗೆ. ಮಣ್ಣು ಕೊಚ್ಚಿ ಹೋಗದಿರಲಿ ಅಂತ ಇಲ್ಲಿ ಬಳ್ಳಿಯ ಸಾಲುಗಳನ್ನು ಇಳಿಜಾರಿಗೆ ಅಡ್ಡಲಾಗಿ ನೆಟ್ಟಿದ್ದಾರೆ. ನಾನು ಕುಡಿದ ಬೇರೆ ಬೇರೆ ವರ್ಷದ ಬಾಟಲಿಗಳಲ್ಲೂ ಅದೇ ನಯ, ಅದೇ ಮಸಾಲೆಯ ಘಮ ಸಿಕ್ಕಿತು. ಎಳೆಯದರಲ್ಲಿ ಬಿಗಿ ಇರುತ್ತದೆ, ಕಾಯಬೇಕು.

ಬೆಲೆ ಮಾತ್ರ ಕೈಗೆಟಕುವುದಿಲ್ಲ. ವೂಜೋ ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಅಗ್ಗ. ಹಾಗಾಗಿ ನನ್ನ ದುಡ್ಡು ಹೋಗುವುದು ವೂಜೋಗೇ. ಆದರೆ ತೋಟದ ಹೆಸರು ನೋಡಿ ಕೊಳ್ಳುವುದಿಲ್ಲ. ಮಾಡಿದವರು ಯಾರು, ಅವರ ಸಾಲುಗಳು ಇಳಿಜಾರಿನಲ್ಲಿ ಎಲ್ಲಿವೆ ಅಂತ ಅಂಗಡಿಯವರನ್ನು ಮೊದಲು ಕೇಳುತ್ತೇನೆ. ಅವರಿಗೆ ಗೊತ್ತಿಲ್ಲದಿದ್ದರೆ ಆ ಬಾಟಲಿ ಅಲ್ಲೇ ಇರಲಿ.